ಜಲಜಕ್ಕನ ಗಂಟು, ಕುಷ್ಟಣ್ಣನ ದಾರಿ

ಹಠ ಅಂದರೆ ಜಲಜಕ್ಕನ ಹಠ! ಮರವಂತೆಯಲ್ಲಿ ನಮ್ಮ ಪಕ್ಕದ ಮನೆಯವಳು. ಹರಿದ ಬಲೆಗಳನ್ನು ಕಟ್ಟಿಕೊಡುವುದು ಅವಳ ಕಸುಬು.

ಗಂಡ ಕುಷ್ಟಣ್ಣ ಮುಂಬೈಯ ಹಳೇ ರತ್ನಗಂಬಳಿಗಳ ಅಂಗಡಿಯಲ್ಲಿ ರಿಪೇರಿ ಕೆಲಸದಲ್ಲಿದ್ದ. ಕಣ್ಣು ಪೂರ್ತಿ ಹೋದ ಮೇಲೆ, ೨೦೦೪ರಲ್ಲಿ, ಊರಿಗೆ ಬಂದ. ಧಣಿ ಅಂಗಡಿಯದೇ ಒಂದು ಹಳೇ ರತ್ನಗಂಬಳಿ ಕೊಟ್ಟು ಕಳಿಸಿದ್ದರು. ಬಲೂಚಿಸ್ತಾನದ ಕುರಿಗಾಹಿ ಹೆಂಗಸರು ಕೈಯಲ್ಲಿ ನೇಯ್ದದ್ದಂತೆ, ದೊಡ್ಡ ಮನೆಗಳಲ್ಲಿ ಕೋಣೆಗಳ ನಡುವಿನ ಹಾದಿಗೆ ಹಾಸುವ ಉದ್ದನೆಯ ಪಟ್ಟಿ. ನಡುವೆ ಹುಳ ತಿಂದ ತೂತು.

ಕುಷ್ಟಣ್ಣ ಚಾವಡಿಯ ಮೂಲೆ ಹಿಡಿದು ಕೂತವ ಏಳಲೇ ಇಲ್ಲ. ಕೈ ಹಿಡಿಯಲು ಹೋದರೆ ಕೊಡವುತ್ತಿದ್ದ. "ಕೈ ಹಿಡ್ದ್ ನಡ್ಸುಕೆ ನಾ ಎಂತ ಮಗುವಾ?"

ಒಂದು ದಿನ ಅವನು ಆ ಕಂಬಳಿಯನ್ನು ಬರಿಗಾಲಲ್ಲಿ ಸವರುತ್ತಿದ್ದುದನ್ನು ಜಲಜಕ್ಕ ಕಂಡಳು. ಅಷ್ಟೇ ಸಾಕಿತ್ತು ಅವಳಿಗೆ. ಚಾವಡಿಯಿಂದ ಹಿಂದಿನ ಜಗಲಿಯವರೆಗೆ ಇದನ್ನು ಹಾಸಿದರೆ ಕಾಲೇ ದಾರಿ ಹೇಳುತ್ತದೆ. ಆದರೆ ತೂತಿಗೆ ಬೆರಳು ಸಿಕ್ಕಿ ಬಿದ್ದನೋ, ಈ ಮನುಷ್ಯ ಮತ್ತೆ ಎದ್ದು ನಡೆಯಲಿಕ್ಕಿಲ್ಲ. ತೂತನ್ನು ಉಣ್ಣೆ ನೂಲಲ್ಲಿ ತಾನೇ ಮುಚ್ಚುತ್ತೇನೆ ಎಂದು ಹೊರಟಳು.

"ನಿನ್ ಕೈಲ್ ಆಪ್ದಲ್ಲ," ಅಂದ ಕುಷ್ಟಣ್ಣ.

"ಆತ್ತಾ ಇಲ್ಯಾ ಕಾಂಬ!" ಅಂದಳು ಇವಳು.

ಬಲೆ ಕಟ್ಟುವ ಕೈ ಅಲ್ಲವೇ? ಉಣ್ಣೆಯ ಗಂಟನ್ನೂ ಜಗ್ಗಿ ಜಗ್ಗಿ ಬಿಗಿದಳು. ಗಂಟು ಸಡಿಲಾದರೆ ಮೀನು ಹೋಯಿತು, ಅವಳಿಗೆ ಗೊತ್ತಿದ್ದ ಶಾಸ್ತ್ರ ಅದೊಂದೇ. ಕಂಬಳಿ ಸುಟ್ಟ ಹಪ್ಪಳದ ಹಾಗೆ ಸುರುಟಿತು. ಕುಷ್ಟಣ್ಣ ಅದನ್ನು ಸವರಿ, "ಇದ್ರಲ್ ಎಂತ, ಬಂಗ್ಡೆ ಹಿಡುಕಾ ಮಾರಾಯ್ತಿ?" ಎಂದು ನಕ್ಕ. ಊರಿಗೆ ಬಂದ ಮೇಲೆ ಅವನು ನಕ್ಕದ್ದೇ ಅದು ಮೊದಲು.

ಜಲಜಕ್ಕನಿಗೆ ಸಿಟ್ಟು ನೆತ್ತಿಗೇರಿತು. ಅಷ್ಟನ್ನೂ ಬಿಚ್ಚಿ ಹಾಕಿದಳು. ಬಲೆ ಕೆಲಸ ಮುಗಿಸಿ ಬಂದು ದಿನಾ ಗಂಡನ ಪಕ್ಕ ಕೂತು, ಅವನ ಬೆರಳನ್ನು ನೂಲಿನ ಮೇಲಿಟ್ಟು, "ಇಷ್ಟ್ ಸಾಕಾ?" ಎಂದು ಕೇಳುವಳು. "ಬಿಗಿ ಆಯ್ತ್, ಬಿಚ್ಚ್," ಅನ್ನುವನು. ಬಿಚ್ಚುವಳು. ನಾನಾಗಿದ್ದರೆ ಕಂಬಳಿಯನ್ನು ಹೊಳೆಗೆ ಎಸೆದು ಮಲಗುತ್ತಿದ್ದೆ!

ಮಳೆಗಾಲ ಕಳೆದ ಮೇಲೆ ಕಂಬಳಿ ಹಾಸಿದಳು. ಕುಷ್ಟಣ್ಣ ಎದ್ದ. ತೂತಿನ ಜಾಗ ಎಲ್ಲಿ ಎಂದು ಕಾಲಿನ ಹೆಬ್ಬೆರಳಲ್ಲಿ ತಡವುತ್ತ, ನಿಧಾನ ನಡೆದ. ಜಲಜಕ್ಕ ಗೋಡೆಗೆ ಒತ್ತಿ ನಿಂತಿದ್ದಳು, ಕೈ ಮಾತ್ರ ಚಾಚಲಿಲ್ಲ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಅವನ ಕಾಲನ್ನೇ ನೋಡುತ್ತಿದ್ದೆ.

"ಹ್ವಾಯ್, ತೂತ್ ಇನ್ನೂ ಬಂದಿಲ್ಯಲೆ, ಎಲ್ಲಿತ್ತ್?" ಅಂದ ಕುಷ್ಟಣ್ಣ.

"ಎಂತ ತೂತ್? ನೀವ್ ಜಗಲಿಗ್ ಬಂದ್ ಆಯ್ತಲೆ!" ಅಂದವಳೇ ಜಲಜಕ್ಕ ಸೆರಗು ಬಾಯಿಗೊತ್ತಿ ಅತ್ತೇಬಿಟ್ಟಳು.