ಕೈಗೆ ಸಿಗುವಷ್ಟೇ ಎತ್ತರ

ನಮ್ಮ ಮನೆಯ ಜಗಲಿಗೂ ಕಾಫಿ ಒಣಗಿಸುವ ಕಣಕ್ಕೂ ನಡುವೆ ನಾಲ್ಕು ಮಂಚ ಹಿಡಿಸುವಷ್ಟು ಜಾಗವಿದೆ. ಅದು ನನ್ನದು. ನನ್ನದು ಅಂತ ಹೇಳುವುದಷ್ಟೇ. ಕೊಯ್ಲಿನ ಕಾಲ ಬಂತೆಂದರೆ ನಮ್ಮ ಯಜಮಾನರ ಕಣ್ಣು ಅದರ ಮೇಲೆ ಬೀಳುತ್ತದೆ. ಕಣ ಸಾಲುತ್ತಿಲ್ಲ, ಅಲ್ಲಿಗೂ ಸಿಮೆಂಟ್ ಎಳೆದರೆ ಇನ್ನಷ್ಟು ಹಣ್ಣು ಹರವಬಹುದು ಎಂಬುದು ಅವರ ವಾದ. ಡೇಲಿಯಾ, ಸೇವಂತಿಗೆ ಇದ್ದಷ್ಟು ದಿನ ಹೇಗೋ ಸುಮ್ಮನಿದ್ದರು. ನನಗೆ ಡೆಲ್ಫಿನಿಯಂ ಎಂಬ ಹೂವಿನ ಹುಚ್ಚು ಹಿಡಿದು, ಬಿತ್ತಿದ್ದೆಲ್ಲ ಸತ್ತು, ಮಡಿ ಖಾಲಿ ಬೀಳತೊಡಗಿದ ಮೇಲೆ ಅವರ ಬಾಯಿಗೆ ಬಲ ಬಂತು.

ಹುಚ್ಚು ಹಿಡಿದದ್ದು ಊಟಿಯಲ್ಲಿ. ಹೆಂಗಸರ ಸಂಘದವರ ಜೊತೆ ಟೂರ್ ಹೋಗಿದ್ದೆ. ಅಲ್ಲೊಂದು ಗಾಜಿನ ಮನೆಯೊಳಗೆ ನನಗಿಂತ ಎತ್ತರದ ನೀಲಿ ಹೂಗೊಂಚಲುಗಳು ಕೋಲಿನಂತೆ ನೆಟ್ಟಗೆ ನಿಂತಿದ್ದವು. ಕತ್ತೆತ್ತಿ ನೋಡುತ್ತಾ ನಿಂತುಬಿಟ್ಟೆ. ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ ಮೇಲೆ ಹೊರಟೆ. ಇಂಥದ್ದೊಂದು, ಒಂದೇ ಒಂದು, ನಮ್ಮ ಜಗಲಿಯ ಮುಂದೆ ನನ್ನ ತಲೆಗಿಂತ ಮೇಲೆ ಅರಳಬೇಕು ಅನ್ನಿಸಿತು. ಬೇರೆ ಕಾರಣವೇನೂ ಇಲ್ಲ.

ಬಾಳ್ಳುಪೇಟೆಯ ಗೊಬ್ಬರದಂಗಡಿಯಲ್ಲಿ ಬೀಜ ಕೇಳಿದೆ. ಡೆಲ್ಫಿನಿಯಂ ಎಂದರೆ ಕಾಫಿ ಗಿಡ ಕೊರೆಯುವ ಬೋರರ್ ಹುಳಕ್ಕೆ ಹೊಡೆಯುವ ಔಷಧಿಯೆಂದುಕೊಂಡು ಅವನು ಸ್ಟಾಕಿಲ್ಲ ಎಂದ. ಕೊನೆಗೆ ಫೋನಿನಲ್ಲಿ ಆರ್ಡರ್ ಮಾಡಿ ತರಿಸಿದೆ. ಒಮ್ಮೆ ಬೇರೂರಿದರೆ ವರ್ಷವರ್ಷವೂ ಬುಡದಿಂದ ಚಿಗುರುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿತ್ತು. ಬರೆದ ಪುಣ್ಯಾತ್ಮರು ಜುಲೈ ತಿಂಗಳ ಮಳೆಯಲ್ಲಿ ನಮ್ಮ ಯಸಳೂರು ಕಡೆ ಬಂದವರಲ್ಲ. ಮೊದಲ ಮಳೆಗಾಲಕ್ಕೇ ಬುಡ ಕೊಳೆತು, ಮುಟ್ಟಿದರೆ ಗಿಡ ಬೇರಿಲ್ಲದೆ ಕೈಗೆ ಬಂತು. ಮುಂದಿನ ಸಲ ಮಳೆ ಬಿಟ್ಟ ಮೇಲೆ ಬಿತ್ತಿದೆ. ಬಸವನಹುಳು ಬಂದು ಬೋಳಿಸಿ ಹೋಯಿತು. ಸಿಟ್ಟಿಗೆ ಮಡಿಯ ತುಂಬ ಉಪ್ಪು ಸುರಿದೆ. ಹುಳುವೂ ಸತ್ತಿತು, ಉಳಿದಿದ್ದ ಗಿಡವೂ ಸತ್ತಿತು.

ಬೀಜಕ್ಕೆ ಚಳಿ ತಾಗಿಸಬೇಕಂತೆ. ಹಾಗಾಗಿ ಮತ್ತೆ ತರಿಸಿದ ಬೀಜವನ್ನು ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟೆ. ಯಜಮಾನರು ನೋಡಿ, "ಹೂವಿನ ಗಿಡಕ್ಕೂ ಬಾಣಂತನ ಮಾಡ್ತೀಯಲ್ಲೇ ಮಾರಾಯ್ತಿ!" ಎಂದು ನಕ್ಕರು. ಆಮೇಲೆ ನಗು ಬಿಟ್ಟು, "ಇದೇ ಕೊನೆ ಕಣೆ. ಈ ಸಲ ಹೂ ಬಂದ್ರೆ ಜಾಗ ನಿಂದೇ. ಬರ್ಲಿಲ್ಲ ಅಂದ್ರೆ ಮುಂದಿನ ಕೊಯ್ಲಿಗೆ ಅಲ್ಲಿ ಕಣ ಆಗ್ತೈತೆ. ಆಗ ಅಳಂಗಿಲ್ಲ" ಎಂದರು.

ನಾನೂ ಹಟಕ್ಕೆ ಬಿದ್ದೆ. ಮಡಿ ಎತ್ತರಿಸಿ ಮರಳು ಬೆರೆಸಿದೆ. ಮೊಳೆತವುಗಳಲ್ಲಿ ಒಂದೇ ಒಂದು ಬದುಕಿತು. ಜನವರಿಯಲ್ಲಿ ಅದರ ನಡುವಿನಿಂದ ಹೆಬ್ಬೆರಳು ದಪ್ಪದ ಕುಡಿಯೊಂದು ಎದ್ದಿತು. ಬಿದಿರು ಗೂಟ ನೆಟ್ಟು ಬಾಳೆನಾರಿನಿಂದ ಕಟ್ಟಿದೆ. ದಿನಾ ಬೆಳಗ್ಗೆ ಮುಖಕ್ಕೆ ನೀರು ಹಾಕುವ ಮೊದಲು ಅದರ ಪಕ್ಕ ಹೋಗಿ ನಿಂತು ಅಳೆದುಕೊಳ್ಳುತ್ತಿದ್ದೆ. ಸೊಂಟಕ್ಕೆ ಬಂತು. ಎದೆಗೆ ಬಂತು. ತುದಿಯಲ್ಲಿ ಹಸಿರು ಮೊಗ್ಗುಗಳು ಒತ್ತೊತ್ತಾಗಿ ಕೂತಿದ್ದವು. ಕಣದಲ್ಲಿ ಕಾಫಿ ಕೆದಕಲು ಬರುವ ಹೆಂಗಸರಿಗೆಲ್ಲ ಮುಟ್ಟಬೇಡಿ ಎಂದು ಹೇಳಿದೆ, ಕರು ಬಾರದಂತೆ ಬೇಲಿ ಕಟ್ಟಿದೆ. ಯಜಮಾನರಿಗೆ ಹೇಳಬೇಕೆಂದು ತೋಚಲಿಲ್ಲ.

ಒಂದು ಬೆಳಗ್ಗೆ ಅವರು ಕಣದ ಅಂಚಿನಲ್ಲಿ ಫೋನಿನಲ್ಲಿ ಮಾತಾಡುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಬೇಲಿಯ ಹತ್ತಿರ ಬಂದಾಗ ಅವರ ಖಾಲಿ ಕೈ ಒಳಕ್ಕೆ ಚಾಚಿ ತುದಿಯನ್ನು ಚಟಕ್ಕನೆ ಮುರಿದು ಬಿಸಾಕಿತು. ಅವರು ಗಿಡದ ಕಡೆ ನೋಡಲೂ ಇಲ್ಲ. ಮಾತೂ ನಿಲ್ಲಲಿಲ್ಲ.

ಕಾಫಿಯಲ್ಲೇ ಹುಟ್ಟಿ ಬೆಳೆದ ಕೈ ಅದು. ಕಾಫಿ ಗಿಡವನ್ನು ಕೊಯ್ಯುವವರ ಕೈಗೆ ಸಿಗುವ ಎತ್ತರದಲ್ಲೇ ನಿಲ್ಲಿಸಬೇಕು. ಅದನ್ನು ಮೀರಿ ನೆಟ್ಟಗೆ ಏಳುವ ಚಿಗುರನ್ನು ಕಂಡಲ್ಲಿ ಮುರಿಯಬೇಕು. ಗುಡಿಯ ಮುಂದೆ ಹಾದಾಗ ಕೈ ತಾನಾಗಿ ಎದೆಗೆ ಹೋಗುವಂತೆ, ನಮ್ಮ ಕಡೆಯವರ ಕೈ ಇಂಥ ಚಿಗುರಿಗೆ ಹೋಗುತ್ತದೆ. ಇದೆಲ್ಲ ನನಗೂ ಗೊತ್ತು. ಗೊತ್ತಿದ್ದರೆ ಸಿಟ್ಟು ಕಡಿಮೆಯಾಗುತ್ತದೆಯೇ? ಸೌಟು ಹಿಡಿದುಕೊಂಡೇ ಓಡಿದೆ.

"ಏನ್ರೀ ಮಾಡಿದ್ರಿ!"

ಅವರು ಬೆರಳು ನೋಡಿಕೊಂಡರು, ಆಮೇಲೆ ಗಿಡ ನೋಡಿದರು. "ಅಯ್ಯಯ್ಯೋ, ಮುರ್ದ್ಬುಟ್ನಾ? ಕೈ ತಡೀಲಿಲ್ಲ ಕಣೆ. ನೆಟ್ಟಗೆ ಎದ್ದಿತ್ತು."

"ನೆಟ್ಟಗೆ ಏಳ್ಲಿ ಅಂತಾನೇ ರೀ ಬೆಳೆಸಿದ್ದು!"

ಆ ದಿನ ಮನೆಯಲ್ಲಿ ಅನ್ನ ಆಯಿತು, ಸಾರು ಆಗಲಿಲ್ಲ. ಹಿತ್ತಿಲಿಗೆ ಹೋಗಿ ಅತ್ತೆ. ಒಂದು ಹೂವಿಗೆ ಅಳುತ್ತೀಯಾ ಎಂದು ನನ್ನನ್ನು ನಾನೇ ಬೈದುಕೊಂಡು ಇನ್ನೂ ಸ್ವಲ್ಪ ಅತ್ತೆ.

ಗಿಡ ಸಾಯಲಿಲ್ಲ. ಮುರಿದ ಜಾಗದ ಕೆಳಗೆ ಪಕ್ಕಕುಡಿಗಳು ಒಡೆದು ಸೊಂಟದ ಎತ್ತರದಲ್ಲಿ ಪೊದೆಯಂತೆ ಹೂ ಬಿಟ್ಟಿತು. ನೀಲಿಯೇನೋ ಊಟಿಯದೇ ನೀಲಿ. ಯಜಮಾನರ ಸಂಭ್ರಮ ಹೇಳತೀರದು. "ನೋಡ್ದಾ, ತುದಿ ತೆಗ್ದಿದ್ದಕ್ಕೆ ಎಷ್ಟು ರೆಕ್ಕೆ ಬುಟ್ಟೈತೆ!" ಎಂದು ಬಂದವರಿಗೆಲ್ಲ ತೋರಿಸಿದರು. ಕಾಫಿಯ ಪಕ್ಕದ ಕೊಂಬೆಗೆ ನಾವು ರೆಕ್ಕೆ ಎನ್ನುತ್ತೇವೆ, ನನ್ನ ಹೂವಿಗೂ ಅದೇ ಮಾತು ಬಂತು. ಕೊಟ್ಟ ಮಾತನ್ನೂ ಉಳಿಸಿಕೊಂಡರು. ಹೊಸ ಕಣಕ್ಕೆ ಕೊಟ್ಟಿಗೆಯ ಹಿಂದೆ ಗುರುತು ಹಾಕಿಸಿದರು. ಜಾಗ ನನ್ನದಾಯಿತು. ಹೂ ಬಂತಲ್ಲ, ಜಾಗ ಉಳೀತಲ್ಲ, ಇನ್ನೇನು ಬೇಕು ಎಂದು ಎಲ್ಲರೂ ನನಗೇ ಬುದ್ಧಿ ಹೇಳಿದರು. ಸಿಟ್ಟು ಮಾಡಿಕೊಳ್ಳಲು ದಾರಿಯೇ ಇಲ್ಲದಂತೆ ಮಾಡಿಟ್ಟರಲ್ಲ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಒಂದು ಸಂಜೆ ಮೇಲಿನ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಗಿಡದ ಮುಂದೆ ನಿಂತಳು. "ಎಷ್ಟ್ ಚಂದ ಐತಕ್ಕ! ಇದು ಕುಳ್ಳ ಜಾತಿನಾ?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಜಗಲಿಯಿಂದ ಇಳಿದು ಬಂದರು. "ಹೂಂ ಕಣಮ್ಮ, ಕುಳ್ಳ ಜಾತಿ. ಕೈಗೆ ಎಟುಕ್ತೈತೆ, ಕೊಯ್ಯಾಕೂ ಸಲೀಸು."

"ಅಲ್ಲ," ಎಂದೆ. ದನಿ ನಾನಂದುಕೊಂಡಿದ್ದಕ್ಕಿಂತ ಜೋರಾಗಿತ್ತು. "ಇದು ನನ್ನ ತಲೆ ಮೇಲೆ ಹೋಗೋ ಜಾತಿ. ಇವ್ರು ಬಿಡ್ಲಿಲ್ಲ."

ಆಕೆ ನಗಲು ಹೊರಟವಳು ನನ್ನ ಮುಖ ನೋಡಿ ಗಿಡದ ಕಡೆ ತಿರುಗಿದಳು. ಯಜಮಾನರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಲ್ಲಿಂದ ಹೋಗಲೂ ಆಗದೆ ನಿಂತರು.