ಫಕ್ಕೀರಪ್ಪನ ಹೆಗಲ ಮೇಲಿನ ಟೋಕನ್

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸವಣೂರ ಸೀಮೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಾನು ಸ್ಟೇಷನ್ ಮಾಸ್ತರನಾಗಿ ಮೂರನೆಯ ವರ್ಷ ಕಳೆಯುತ್ತಿದ್ದೆ. ಸ್ಟೇಷನ್ನಿನ ಹೆಸರು ಬೇಡ. ಅಂದು ತಪ್ಪಿದವರು ನಾವು, ಊರಲ್ಲ.

ಈಗ ಮಗಳ ಮನೆಯಲ್ಲಿ, ಹಾನಗಲ್ಲಿನಲ್ಲಿದ್ದೇನೆ. ರೈಲೇ ಇಲ್ಲದ ಊರಿನಲ್ಲಿ ನಿವೃತ್ತ ಸ್ಟೇಷನ್ ಮಾಸ್ತರ! ಹೀಗಾಗಿ ಇಲ್ಲಿಯವರಿಗೆ ನಾನು ಸ್ವಲ್ಪ ತಮಾಷೆ, ಸ್ವಲ್ಪ ಕೌತುಕ. ಸಂಜೆ ವಾಕಿಂಗಿಗೆ ಹೋದಾಗ ಗೆಳೆಯರು ಮೊಬೈಲಿನಲ್ಲಿ ಹಳೆಯ ಸ್ಟೇಷನ್ನುಗಳ ಫೋಟೊ ತೋರಿಸುತ್ತಾರೆ. ತೂಗುಹಾಕಿದ ಹಳಿತುಂಡಿನ ಗಂಟೆ, ರಟ್ಟಿನ ಟಿಕೆಟ್ಟು, ಬೇವಿನ ಮರದ ಕೆಳಗಿನ ಕಲ್ಲು ಬೆಂಚು. "ಎಂಥಾ ನಿವಾಂತ ಕಾಲ ಅದು" ಎಂದು ನಿಟ್ಟುಸಿರು ಬಿಡುತ್ತಾರೆ. ನನಗೂ ಆ ಬೆಂಚಿನ ಮೇಲೆ ಪ್ರೀತಿ ಇದೆ, ಸುಳ್ಳು ಹೇಳಲಾರೆ. ಆದರೆ ನಿವಾಂತ, ನಿಶ್ಚಿಂತೆ ಎನ್ನುವ ಮಾತು ಕೇಳಿದರೆ ಇಂದಿಗೂ ಸಿಟ್ಟು ಬರುತ್ತದೆ. ಆ ಕಾಲದಲ್ಲಿ ನೂರಾರು ಜನರ ಜೀವ ಒಂದು ಬೆತ್ತದ ಬಳೆಗೆ ಜೋತುಬಿದ್ದಿತ್ತು.

ಅದು ಯಾಕೆಂದು ಹೇಳಬೇಕು. ನಮ್ಮದು ಮೀಟರ್ ಗೇಜಿನ ಒಂಟಿ ಹಳಿ. ಬರುವ ಗಾಡಿಗೂ ಹೋಗುವ ಗಾಡಿಗೂ ಅದೊಂದೇ ದಾರಿ. ಎರಡು ಸ್ಟೇಷನ್ನುಗಳ ನಡುವಿನ ಹಳಿಗೆ ನಾವು ಸೆಕ್ಷನ್ ಎನ್ನುತ್ತೇವೆ. ಪ್ರತಿ ಸೆಕ್ಷನ್ನಿಗೂ ಅದರ ಹೆಸರು ಕೆತ್ತಿದ ಲೋಹದ ಚೆಂಡುಗಳಿರುತ್ತವೆ, ಎರಡೂ ಸ್ಟೇಷನ್ನಿನ ಯಂತ್ರಗಳ ಹೊಟ್ಟೆಯಲ್ಲಿ. ಇದೇ ಟೋಕನ್. ಆಚೆಯ ಮಾಸ್ತರ ಒಪ್ಪಿದರೆ ಮಾತ್ರ ಈಚೆಯ ಯಂತ್ರದಿಂದ ಒಂದು ಚೆಂಡು ಹೊರಬರುತ್ತದೆ. ಒಂದು ಹೊರಗಿದ್ದರೆ ಎರಡನೆಯದು ಯಾವ ಕಡೆಯೂ ಬರುವುದಿಲ್ಲ. ಆ ಚೆಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ ಡ್ರೈವರನ ಕೈಗೆ ಕೊಡಬೇಕು. ಡ್ರೈವರ ಚೀಲ ಬಿಚ್ಚಿ, ಚೆಂಡಿನ ಮೇಲಿನ ಹೆಸರು ಓದಿಯೇ ಗಾಡಿ ಬಿಡಬೇಕು. ನಮ್ಮಂಥ ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ಹೊರಡಿಸಲು ಬೇರೆ ಸಿಗ್ನಲ್ ಇರಲಿಲ್ಲ. ಬಳೆ ಸಿಕ್ಕಿತು, ಗಾರ್ಡ್ ಹಸಿರು ಝಂಡಾ ತೋರಿಸಿದ, ಗಾಡಿ ಹೊರಟಿತು. ಅಷ್ಟೇ.

ನಮ್ಮ ಸ್ಟೇಷನ್ನಿಗೆ ಇನ್ನೊಂದು ವಿಶೇಷವಿತ್ತು: ಸವಣೂರ ಎಲೆ. ಸಂಜೆ ನಾಲ್ಕೂವರೆಯ ಹುಬ್ಬಳ್ಳಿ ಪ್ಯಾಸೆಂಜರಿಗೆ ವೀಳ್ಯದೆಲೆಯ ಬುಟ್ಟಿಗಳು ಏರುತ್ತಿದ್ದವು. ಹುಬ್ಬಳ್ಳಿಯಲ್ಲಿ ಅವು ರಾತ್ರಿಯ ಗಾಡಿಗೆ ಬದಲಾಗಿ ಮುಂಬೈ ಮುಟ್ಟಬೇಕು. ಒಂದು ದಿನ ತಪ್ಪಿದರೆ ಎಲೆ ಹಳದಿಗೆ ತಿರುಗುತ್ತದೆ. ಎಲೆ ಏಜೆಂಟ್ ಬಾಬುಸಾಬರು ಗಾಡಿ ಬರುವ ಅರ್ಧ ತಾಸು ಮೊದಲೇ ಒದ್ದೆ ಗೋಣಿತಾಟು ಹೊದಿಸಿದ ಬುಟ್ಟಿಗಳನ್ನು ಸಾಲಾಗಿ ಇಡಿಸಿ, ಪ್ರತಿ ಬುಟ್ಟಿಗೂ ತಾವೇ ಒಮ್ಮೆ ನೀರು ಚಿಮುಕಿಸುತ್ತಿದ್ದರು. ಗಾಡಿ ನಿಲ್ಲುವುದು ಎರಡೇ ನಿಮಿಷ. ಅವರ ಇಬ್ಬರು ಆಳುಗಳಿಂದ ಅದು ಆಗುವ ಕೆಲಸವಲ್ಲ. ಹಳಿ ಬದಲಿಸುವ, ಬಳೆ ತಂದು ಕೊಡುವ ನಮ್ಮ ಪಾಯಿಂಟ್ಸ್‌ಮನ್ ಫಕ್ಕೀರಪ್ಪ ಕೈ ಹಚ್ಚುತ್ತಿದ್ದ. ಶಿಗ್ಗಾಂವ ತಾಲೂಕಿನ ಒಕ್ಕಲು ಮನೆಯವನು, ಬುಟ್ಟಿ ಹೊರುವುದು ಅವನಿಗೆ ಭಾರದ ಕೆಲಸವೇ ಅಲ್ಲ.

ಇಲ್ಲಿ ನನ್ನ ತಪ್ಪು ಶುರುವಾಗುತ್ತದೆ. ನಿಯಮದ ಪ್ರಕಾರ, ಬಂದ ಗಾಡಿಯ ಬಳೆಯನ್ನು ಫಕ್ಕೀರಪ್ಪ ಮೊದಲು ನನಗೆ ತಂದು ಕೊಡಬೇಕು. ನಾನದನ್ನು ಯಂತ್ರಕ್ಕೆ ಹಾಕಿ, ಮುಂದಿನ ಸೆಕ್ಷನ್ನಿನ ಟೋಕನ್ ತೆಗೆದು ಕೊಡಬೇಕು. ಆದರೆ ಅಷ್ಟರಲ್ಲಿ ಎಲೆ ಉಳಿದುಬಿಡುತ್ತಿತ್ತು. ಆದ್ದರಿಂದ ನಾನೇ ಒಂದು ಪದ್ಧತಿ ಹಾಕಿಕೊಟ್ಟೆ. ಅವನು ಬಂದ ಬಳೆಯನ್ನು ಹೆಗಲಿಗೆ ಹಾಕಿಕೊಂಡೇ ಬುಟ್ಟಿ ಏರಿಸಬೇಕು. ನಡುವೆ ಒಮ್ಮೆ ನನ್ನ ಕಿಟಕಿಗೆ ಬಂದು ಹಳೆಯ ಬಳೆ ಕೊಟ್ಟು, ನಾನು ತೆಗೆದಿಟ್ಟ ಹೊಸದನ್ನು ಒಯ್ಯಬೇಕು. ಬುಟ್ಟಿ ಮುಗಿದ ಮೇಲೆ ಅದನ್ನು ಡ್ರೈವರನಿಗೆ ಕೊಡಬೇಕು. ಎರಡೂವರೆ ವರ್ಷ ಇದು ಗಡಿಯಾರದ ಹಾಗೆ ನಡೆಯಿತು. ಬುಟ್ಟಿ ಮುಗಿಸಿ ಬರುವ ಫಕ್ಕೀರಪ್ಪನ ಹೆಗಲ ಮೇಲೆ ಬಳೆ ಕಂಡರೆ ಡ್ರೈವರಗಳು ಚೀಲ ಬಿಚ್ಚಿ ನೋಡುವುದನ್ನೂ ಬಿಟ್ಟಿದ್ದರು. ಬಾಬುಸಾಬರು ನನ್ನನ್ನು ಹೊಗಳುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ.

ಅದು ಲಗ್ನಸರಾಯಿ, ಮದುವೆಗಳ ಕಾಲ. ಆ ದಿನ ಬುಟ್ಟಿಗಳು ದಿನಕ್ಕಿಂತ ಹನ್ನೆರಡು ಹೆಚ್ಚು. ಹುಬ್ಬಳ್ಳಿ ಕಡೆಯಿಂದ ಬರಬೇಕಿದ್ದ ಎಕ್ಸ್‌ಪ್ರೆಸ್ ಒಂದು ತಾಸು ತಡ. ದಿನಾಲೂ ಅದು ಪ್ಯಾಸೆಂಜರ್ ಬರುವ ಮೊದಲೇ ನಮ್ಮನ್ನು ದಾಟಿ ಹೋಗಿರುತ್ತಿತ್ತು. ಅಂದು ಗಾಡಿಗಳ ಓಡಾಟ ನಿರ್ಧರಿಸುವ ಕಂಟ್ರೋಲಿನಿಂದ ಹುಕುಂ ಬಂತು: ಪ್ಯಾಸೆಂಜರನ್ನು ನಿಮ್ಮಲ್ಲೇ ತಡೆದು, ಎಕ್ಸ್‌ಪ್ರೆಸ್ಸನ್ನು ಪಕ್ಕದ ಲೈನಿಗೆ ತೆಗೆದುಕೊಂಡು, ಆಮೇಲೆ ಬಿಡಿ. ನಾಲ್ಕು ಗಂಟೆ ಮೂವತ್ತೆರಡು ನಿಮಿಷಕ್ಕೆ ಪ್ಯಾಸೆಂಜರ್ ಬಂದು ನಿಂತಿತು. ಹೊರಗೆ ಹೋಗಿ ಡ್ರೈವರನಿಗೂ ಗಾರ್ಡಿಗೂ ವಿಷಯ ಹೇಳಬೇಕೆನ್ನುವಷ್ಟರಲ್ಲಿ ಹುಬ್ಬಳ್ಳಿ ಕಡೆಯ, ಅಂದರೆ ಉತ್ತರದ ಸ್ಟೇಷನ್ನಿನ ಮಾಸ್ತರ ಫೋನಿನಲ್ಲಿ ಎಕ್ಸ್‌ಪ್ರೆಸ್ಸಿಗೆ ದಾರಿ ಕೇಳಿದ. ಕೊಟ್ಟೆ. ಅವನು ತನ್ನ ಯಂತ್ರದಿಂದ ಟೋಕನ್ ತೆಗೆದುಕೊಂಡ. ಇನ್ನು ಪ್ಯಾಸೆಂಜರಿಗೆ ಕೊಡಲು ನನ್ನ ಬಳಿ ಟೋಕನ್ನೇ ಇಲ್ಲವಲ್ಲ, ಗಾಡಿ ಹೇಗೆ ಹೊರಟೀತು ಎಂದು ನಿಶ್ಚಿಂತನಾಗಿದ್ದೆ.

ಮಾತಿನ ನಡುವೆ ಫಕ್ಕೀರಪ್ಪ ಕಿಟಕಿಗೆ ಬಂದ. ಫೋನು ಕಿವಿಯಲ್ಲಿದ್ದುದರಿಂದ ಆಮೇಲೆ ಬಾ ಎಂದು ಕೈ ಬೀಸಿದೆ. ಅವನು ಹೋದ. ಕಂಟ್ರೋಲಿನವರು ಇನ್ನೇನೋ ಕೇಳಿದರು, ಉತ್ತರ ಹೇಳುತ್ತ ನಿಂತೆ. ಅಷ್ಟರಲ್ಲಿ ಶಿಳ್ಳೆ ಕೇಳಿಸಿತು.

ಹೊರಗೆ ಓಡಿ ಬಂದಾಗ ಗಾಡಿಯ ಕೊನೆಯ ಡಬ್ಬಿ ಪ್ಲಾಟ್‌ಫಾರ್ಮಿನ ತುದಿ ದಾಟುತ್ತಿತ್ತು. ಗಾರ್ಡ್ ನಮಗೆ ಬೆನ್ನು ಮಾಡಿ ಬುಟ್ಟಿ ಸರಿಸುತ್ತಿದ್ದ. ಕೂಗಿದೆ, ಓಡಿದೆ, ಪ್ರಯೋಜನವಾಗಲಿಲ್ಲ. ಫಕ್ಕೀರಪ್ಪ ಬರಿಗೈಲಿ ನಿಂತು ನನ್ನ ಮುಖ ನೋಡಿದ.

"ಬಳಿ ಕೊಟ್ಟೇನಲ್ರಿ" ಎಂದ.

"ಯಾವ ಬಳಿ?" ಎಂದೆ.

ಅವನ ಕೈ ತಾನಾಗಿ ಹೆಗಲಿಗೆ ಹೋಯಿತು. ಅಲ್ಲೇನೂ ಇರಲಿಲ್ಲ. ಗಾಡಿ ಬರುವಾಗ ತಂದ ಹಿಂದಿನ ಸೆಕ್ಷನ್ನಿನ ಟೋಕನ್ನನ್ನೇ ಡ್ರೈವರ ತಿರುಗಿ ಒಯ್ದಿದ್ದ. ಎದುರಿನಿಂದ ಅದೇ ಹಳಿಯ ಮೇಲೆ ಎಕ್ಸ್‌ಪ್ರೆಸ್!

ಒಳಗೆ ಓಡಿ ಉತ್ತರದ ಸ್ಟೇಷನ್ನಿಗೆ ಫೋನು ಮಾಡಿದೆ. ಎಕ್ಸ್‌ಪ್ರೆಸ್ ಆಗಲೇ ಅವನನ್ನು ದಾಟಿತ್ತು. ನಮ್ಮಿಬ್ಬರ ನಡುವೆ ಹನ್ನೊಂದು ಕಿಲೋಮೀಟರ್. ನಮ್ಮಿಂದ ಮೂರು ಕಿಲೋಮೀಟರಿಗೆ ಒಂದು ಗೇಟು, ಅದರಾಚೆ ದಿಬ್ಬ ಕಡಿದು ಮಾಡಿದ ತಿರುವು. ತಿರುವಿನ ಈಚೆಯವರಿಗೆ ಆಚೆಯದು ಕಾಣುವುದಿಲ್ಲ. ಉಳಿದದ್ದು ಗೇಟಿನ ಫೋನು ಒಂದೇ. ಹಿಡಿಕೆ ತಿರುಗಿಸಿದೆ. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲಕ್ಕೆ ಗಂಗವ್ವ ಎತ್ತಿದಳು. ಹಿರೇಕೆರೂರ ಕಡೆಯ ಹೆಣ್ಣುಮಗಳು. ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ ಗಂಡ ತೀರಿದ ಮೇಲೆ ಗೇಟಿನ ಕೆಲಸ ಸಿಕ್ಕಿತ್ತು.

"ಗಂಗವ್ವಾ, ಪ್ಯಾಸೆಂಜರ್ ತಪ್ಪಿ ಬರ್ಲಿಕ್ಕತ್ತದ. ಕೆಂಪು ಝಂಡಾ ಹಿಡದು ಅಲ್ಲೇ ನಿಂದ್ರು, ನಿಂದರಸು ಅದನ್ನ."

"ಆ ಕಡಿಂದ ಏನರೆ ಬರಾಕತ್ತೈತೇನ್ರಿ?"

"ಎಕ್ಸ್‌ಪ್ರೆಸ್ ಬಿಟ್ಟಾರ."

"ಹಂಗಾರ ಈ ಕಡೆ ಪಟಾಕಿ ಇಟ್ಟು ಝಂಡಾ ನೆಡತೇನ್ರಿ. ನಾ ಇನ್ನೊಂದು ಝಂಡಾ ತಗೊಂಡು ಆ ಕಡೆ ಓಡ್ತೇನಿ. ನೀವು ಫೋನ ಇಡಬ್ಯಾಡ್ರಿ."

ಪಟಾಕಿ ಎಂದರೆ ಹಳಿಗೆ ಕಟ್ಟುವ ಮದ್ದಿನ ಡಬ್ಬಿ. ಚಕ್ರ ಹಾಯ್ದರೆ ಸಿಡಿಯುತ್ತದೆ, ಡ್ರೈವರ ಬ್ರೇಕು ಹಾಕಬೇಕು. ನಾನು ಗಾಬರಿಯಲ್ಲಿ ಹೇಳಿದ್ದು ಅರ್ಧ. ಅವಳು ನಾನು ಹೇಳಿದಷ್ಟೇ ಮಾಡಿದ್ದರೆ ಪ್ಯಾಸೆಂಜರ್ ನಿಲ್ಲುತ್ತಿತ್ತು. ನಿಂತ ಗಾಡಿಯ ಮೇಲೆ ತಿರುವಿನಿಂದ ಎಕ್ಸ್‌ಪ್ರೆಸ್ ಬಂದು ಬೀಳುತ್ತಿತ್ತು.

ರಿಸೀವರ್ ಕಿವಿಗೊತ್ತಿ ನಿಂತೆ. ಗೇಟಿನ ಕೋಣೆಯ ಗೋಡೆಗೆ ಜೋತುಬಿದ್ದ ಫೋನಿನಿಂದ ಗಾಳಿಯ ಸದ್ದು, ಯಾರದೋ ಎತ್ತಿನ ಗೆಜ್ಜೆ. ಆಮೇಲೆ ದೂರದ ಶಿಳ್ಳೆ. ಗಡಗಡ ಹತ್ತಿರವಾಯಿತು. ಧಡ್ ಎಂದು ಒಂದು, ಎರಡು, ಮೂರು. ಬ್ರೇಕಿನ ಕಿರುಚಾಟ. ಗಾಡಿ ನಿಂತಿತು. ಜನ ಇಳಿದು ಏನಾಯ್ತು ಏನಾಯ್ತು ಎನ್ನುವ ಗದ್ದಲವೂ ಕೇಳಿಸಿತು. ಇಳಿದು ಹಳಿ ಬಿಟ್ಟು ದೂರ ಹೋಗಿ ಎಂದು ನಾನು ಇಲ್ಲಿ ಒದರಿದೆ. ಅಲ್ಲಿ ಕೇಳುವವರು ಯಾರು?

ಗಡಿಯಾರದಲ್ಲಿ ನಾಲ್ಕೂ ನಲವತ್ತೈದು. ಎಕ್ಸ್‌ಪ್ರೆಸ್ಸಿನ ಸುಳಿವಿಲ್ಲ. ಆ ದಿನ ಪ್ಯಾಸೆಂಜರಿಗೆ ನಾನೇ ಮೂವತ್ತನಾಲ್ಕು ಟಿಕೆಟ್ಟು ಕೊಟ್ಟಿದ್ದೆ. ಎರಡು ತಿಂಗಳ ಕೂಸನ್ನು ಹುಬ್ಬಳ್ಳಿ ಆಸ್ಪತ್ರೆಗೆ ಒಯ್ಯುತ್ತಿದ್ದ ಒಬ್ಬ ತಾಯಿಗೆ, ಮುಂದಿನ ಡಬ್ಬಿಯಲ್ಲಿ ಗದ್ದಲ ಕಡಿಮೆ, ಅಲ್ಲಿಯೇ ಕೂಡು ಎಂದು ಹೇಳಿ ಕಳಿಸಿದ್ದೆ. ಇಂಜಿನ್ನಿಗೆ ಹತ್ತಿದ ಡಬ್ಬಿ. ಫೋನಿನಲ್ಲಿ ಗಂಗವ್ವನ ಸುಳಿವು ಸಿಗುವವರೆಗಿನ ಹನ್ನೊಂದು ನಿಮಿಷ ನನಗೆ ಬೇರೆ ಯಾವುದೂ ನೆನಪಾಗಲಿಲ್ಲ. ಫಕ್ಕೀರಪ್ಪ ಹೊಸ್ತಿಲಲ್ಲಿ ಕುಸಿದು ಕುಳಿತಿದ್ದ. ಬಾಬುಸಾಬರು ಬಾಗಿಲಲ್ಲಿ ನಿಂತು ತುಟಿಯಲ್ಲೇ ಪ್ರಾರ್ಥಿಸುತ್ತಿದ್ದರು. ನಮ್ಮದು ಮಂತ್ರ ಹೇಳುವ ಮನೆತನ. ನಮ್ಮ ತಂದೆ ನನಗೆ ವಿಷ್ಣುಸಹಸ್ರನಾಮ ಕಲಿಸಿದ್ದರು. ಅಂದು ಮೊದಲನೆಯ ನಾಮದ ಮುಂದೆ ಒಂದೂ ಬಾಯಿಗೆ ಬರಲಿಲ್ಲ.

ಕೊನೆಗೆ ಫೋನಿನಲ್ಲಿ ಏದುಸಿರು ಕೇಳಿಸಿತು.

"ಎರಡೂ ನಿಂತಾವ್ರಿ ಮಾಸ್ತರ" ಎಂದಳು ಗಂಗವ್ವ. "ನಡುವ ನಾಕು ಡಬ್ಬಿ ಹಿಡಿಯುವಷ್ಟು ಜಾಗಾ ಐತ್ರಿ." ಆಮೇಲೆ, ಉಸಿರು ಸಾಲದಿದ್ದರೂ, "ಪ್ರೈವೇಟ್ ನಂಬರ ಹೇಳ್ರಿ, ಬುಕ್ಕಿನ್ಯಾಗ ಬರ್ಕೋಬೇಕು" ಎಂದಳು.

ಫೋನಿನಲ್ಲಿ ಕೊಟ್ಟ ಹುಕುಮಿಗೆ ಗುರುತಾಗಿ ನಾವೊಂದು ಗುಪ್ತ ಸಂಖ್ಯೆ ಹೇಳುವುದು ಪದ್ಧತಿ. ಅದನ್ನು ಕೇಳದೆ ಓಡಿದ್ದು ಅವಳಿಗೆ ಕೊರಗು. ನಂಬರು ಹೇಳುತ್ತಿದ್ದಂತೆ ನಾನು ಅತ್ತುಬಿಟ್ಟೆ.

ಎರಡೂ ಗಾಡಿಗಳನ್ನು ಬಿಡಿಸುವ ಹೊತ್ತಿಗೆ ಕತ್ತಲಾಯಿತು. ಮರುದಿನ ನಾವೆಲ್ಲ ಸಸ್ಪೆಂಡು: ನಾನು, ಫಕ್ಕೀರಪ್ಪ, ಪ್ಯಾಸೆಂಜರಿನ ಡ್ರೈವರ, ಗಾರ್ಡ್. ಎರಡು ದಿನದ ಮೇಲೆ ಫಕ್ಕೀರಪ್ಪ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತ. ಹೇಗೆ ಹಾಗಾಯಿತೆಂದು ಕೇಳಿದೆ. ಕಿಟಕಿಗೆ ಬಂದು ಹೋದದ್ದು ಅವನಿಗೆ ನೆನಪಿತ್ತಂತೆ. ಬಳೆ ಅದಲಾಬದಲಿ ಆಗಲಿಲ್ಲ ಎನ್ನುವುದು ಹೆಚ್ಚಿನ ಹನ್ನೆರಡು ಬುಟ್ಟಿಯ ಗಡಿಬಿಡಿಯಲ್ಲಿ ಮರೆತಿತ್ತಂತೆ. ಆಮೇಲೆ ತಲೆ ತಗ್ಗಿಸಿ ಹೇಳಿದ:

"ಹೆಸರು ನಂದ ಬರೀರಿ. ನೌಕರಿ ಹೋದ್ರ ನಾ ಹೊಲಕ್ಕ ಹೋಗಿ ಬದುಕತೇನಿ. ನಿಮಗ ಹೊಲಾ ಎಲ್ಲೈತ್ರಿ?"

ಮಾತು ಖರೆ. ಓದು ಬಿಟ್ಟರೆ ನಮ್ಮ ಮನೆತನದಲ್ಲಿ ಗುಂಟೆ ಹೊಲವಿರಲಿಲ್ಲ. ನನ್ನ ಪದ್ಧತಿ ಯಾವ ಕಾಗದದಲ್ಲೂ ಇರಲಿಲ್ಲ. ಅವನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಎರಡು ದಿನ ನಾನು ಆ ಆಸೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಇಟ್ಟುಕೊಂಡಿದ್ದೆ.

ಎನ್‌ಕ್ವಾಯರಿಯ ದಿನ ಅಧಿಕಾರಿಗಳು ಫಕ್ಕೀರಪ್ಪನನ್ನು ಕೇಳಿದರು, ಬಳೆಯನ್ನು ಮಾಸ್ತರಿಗೆ ಕೊಡದೆ ಹೆಗಲಿಗೆ ಹಾಕಿಕೊಂಡು ತಿರುಗಲು ಯಾರು ಹೇಳಿದರು ಎಂದು. ಅವನು ನೆಲ ನೋಡುತ್ತ ನಿಂತ. ಎಷ್ಟು ಸಲ ಕೇಳಿದರೂ ತುಟಿ ಬಿಚ್ಚಲಿಲ್ಲ. ನಾನು ಎದ್ದು ನಿಂತು, ಪದ್ಧತಿ ನನ್ನದು, ಗೇಟಿಗೆ ಕೊಟ್ಟ ಹುಕುಮು ಕೂಡ ಅರ್ಧ ತಪ್ಪು, ಎರಡೂ ಗಾಡಿ ನಿಲ್ಲಿಸಿದ ಬುದ್ಧಿ ಗಂಗವ್ವನದು ಎಂದು ಹೇಳಿ, ಹಾಗೆಯೇ ಬರೆದೂ ಕೊಟ್ಟೆ. ನನಗೆ ಮೂರು ವರ್ಷ ಇನ್‌ಕ್ರಿಮೆಂಟು ನಿಂತಿತು, ದೂರಕ್ಕೆ ವರ್ಗವಾಯಿತು. ಡ್ರೈವರನಿಗೂ ಗಾರ್ಡಿಗೂ ಅವರವರ ಪಾಲು ಸಿಕ್ಕಿತು. ಫಕ್ಕೀರಪ್ಪನಿಗೆ ಒಂದು ವರ್ಷ ಇನ್‌ಕ್ರಿಮೆಂಟು ನಿಂತಿತು, ನೌಕರಿ ಉಳಿಯಿತು. ಗಂಗವ್ವನಿಗೆ ಪ್ರಶಂಸಾ ಪತ್ರ ಬಂತು, ಜೊತೆಗೇ ಗೇಟು ಬಿಟ್ಟು ಹೋದದ್ದಕ್ಕೆ ಒಂದು ಎಚ್ಚರಿಕೆಯ ಪತ್ರವೂ ಬಂತು. ಆಫೀಸು ಎಂದರೆ ಹಾಗೆಯೇ.

ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಅಂದು ನಮ್ಮಲ್ಲಿ ಮೈಗಳ್ಳ ಯಾರೂ ಇರಲಿಲ್ಲ, ಕುಡಿದವರೂ ಇರಲಿಲ್ಲ. ಎಲ್ಲರೂ ಇನ್ನೊಬ್ಬರಿಗೆ ಉಪಕಾರ ಮಾಡುತ್ತಿದ್ದೆವು. ನಾನು ಬಾಬುಸಾಬರಿಗೆ, ಫಕ್ಕೀರಪ್ಪ ನನಗೆ, ಗಾರ್ಡ್ ಬುಟ್ಟಿಗಳಿಗೆ. ತನ್ನ ಕೆಲಸವನ್ನಷ್ಟೇ ಮಾಡಿದವಳು ಗಂಗವ್ವ ಒಬ್ಬಳೇ. ನಿಯಮವನ್ನು ಸಡಿಲಿಸುವುದು ಯಾವಾಗಲೂ ಕೆಟ್ಟ ಮನಸ್ಸಲ್ಲ ಎನ್ನುವುದನ್ನು ನನ್ನ ನೌಕರಿ ನನಗೆ ಹೀಗೆ ಕಲಿಸಿತು.

ಊರು ಬಿಡುವ ದಿನ ಅದೇ ನಾಲ್ಕೂವರೆಯ ಪ್ಯಾಸೆಂಜರಿಗೆ ಕಾದು ನಿಂತಿದ್ದೆ. ಬಾಬುಸಾಬರು ಹೆಚ್ಚಿಗೆ ಇಬ್ಬರು ಆಳುಗಳನ್ನು ಇಟ್ಟುಕೊಂಡಿದ್ದರು. ಗಾಡಿ ಬಂತು. ಫಕ್ಕೀರಪ್ಪ ಬಂದ ಬಳೆಯನ್ನು ಹೊಸ ಮಾಸ್ತರಿಗೆ ಒಪ್ಪಿಸಿ, ಮುಂದಿನದನ್ನು ತೆಗೆದುಕೊಂಡು, ಎರಡೂ ಕೈಯಲ್ಲಿ ಎದೆಗೆ ಹಿಡಿದು ಇಂಜಿನ್ನಿನ ಕಡೆ ಹೊರಟ. ನನ್ನದೊಂದು ಕಬ್ಬಿಣದ ಟ್ರಂಕು, ಪುಸ್ತಕ ತುಂಬಿದ್ದು, ನೆಲ ಬಿಟ್ಟು ಏಳಲೊಲ್ಲದು. ಹಳೆಯ ರೂಢಿಯಂತೆ, "ಫಕ್ಕೀರಪ್ಪ, ಒಂದು ಕೈ ಹಚ್ಚು" ಎಂದೆ.

ಅವನು ನಿಂತ. ಕಣ್ಣು ತುಂಬಿದ್ದವು.

"ಕೈಯಾಗ ಬಳಿ ಐತ್ರಿ ಮಾಸ್ತರ" ಎಂದ. "ನೀವ ಏರಿಸ್ಕೋರಿ."

ಹಾಗೆಂದು ಹಿಂತಿರುಗಿ ನೋಡದೆ ನಡೆದ. ಟ್ರಂಕನ್ನು ನಾನೇ ಎತ್ತಿ ಡಬ್ಬಿಗೆ ಹಾಕಿದೆ. ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರು. ಅವನಷ್ಟು ಮರ್ಯಾದೆ ಮಾಡಿದವರು ಮಾತ್ರ ಯಾರೂ ಇಲ್ಲ.