ಇಬ್ಬರಿಗೂ ಅದೇ ಇಂಜೆಕ್ಷನ್

ಕಲ್ಲುಗುಂಡಿಯ ತಿರುವಿನಲ್ಲಿ ಸ್ಕೂಟರ್ ಜಾರಿ ಗಂಡನಿಗೂ ನನಗೂ ಒಟ್ಟಿಗೇ ಕಾಲು ಮುರಿಯಿತು. "ನಿಧಾನ, ನಿಧಾನ" ಎಂದು ಸಂಪಾಜೆಯಿಂದಲೇ ಅವರ ಬೆನ್ನಿಗೆ ಗುದ್ದುತ್ತಾ ಬಂದವಳು ನಾನು. ನನ್ನ ಚಿಂತೆಗಳು ನಿಜವಾಗುದು ಅಪರೂಪ. ಆದಾಗ ಜಂಬ ಕೊಚ್ಚಲಿಕ್ಕೂ ಪುರುಸೊತ್ತು ಸಿಗುದಿಲ್ಲ.

ಪುತ್ತೂರಿನ ಆಸ್ಪತ್ರೆಯಲ್ಲಿ ಒಂದೇ ದಿನ ಇಬ್ಬರಿಗೂ ಆಪರೇಷನ್, ಇಬ್ಬರ ಕಾಲಿಗೂ ಪ್ಲೇಟ್, ಒಂದೇ ರೂಮು, ಅದೇ ನೋವಿನ ಇಂಜೆಕ್ಷನ್. ಅವರು ಗೊರಕೆ ಹೊಡೆದರು. ನಾನು ವಾಂತಿ ಮಾಡಿದೆ. ಓಕರಿಸಿದಾಗಲೆಲ್ಲ ಕಾಲು ಅದುರಿ ಕಣ್ಣು ಕತ್ತಲೆ.

ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ನರ್ಸ್ ಕೇಳಿದಳು. ಆಗಷ್ಟೇ ಎಚ್ಚರವಾದ ಗಂಡ "ಒಂಬತ್ತು!" ಎಂದರು, ಹರಾಜಿನಲ್ಲಿ ಕೂಗುವ ಹಾಗೆ. ನಾನು "ಸಾರ ಇಲ್ಲ" ಎಂದೆ, ಪರವಾಗಿಲ್ಲ ಎನ್ನುವ ಹಾಗೆ. ನಮ್ಮ ಕಡೆಯ ಹೆಂಗಸರಿಗೆ ಎಂತ ಆದರೂ ಇದೇ ಉತ್ತರ. ಕೈ ಸುಟ್ಟುಕೊಂಡು ಬೊಬ್ಬೆ ಎದ್ದಾಗಲೂ ಅಮ್ಮ ಹೇಳಿದ್ದು ಇದನ್ನೇ. ನರ್ಸ್ ನನ್ನ ಹೆಸರಿನ ಮುಂದೆ ಎರಡು ಎಂದು ಬರೆದುಕೊಂಡಳು.

ಸಂಜೆ ತಡೆಯಲಾಗದೆ ನಾನೇ ನರ್ಸನ್ನು ಕರೆದು "ಎಂಟು" ಎಂದೆ.

"ಟೆನ್ಶನ್ ಮಾಡ್ಬೇಡಿ ಅಮ್ಮ, ಬಿ.ಪಿ. ಜಾಸ್ತಿ ಆಗ್ತದೆ."

ಅವರ ಒಂಬತ್ತಕ್ಕೆ ಇನ್ನೊಂದು ಇಂಜೆಕ್ಷನ್. ನನ್ನ ಎಂಟಕ್ಕೆ ಉಪದೇಶ. ನಾನು ಹೆದರುಪುಕ್ಕಲಿ, ಒಪ್ಪಿದೆ. ಆದರೆ ಕಾಲಿನೊಳಗಿನ ಸ್ಕ್ರೂಗಳು ನನ್ನ ಟೆನ್ಶನ್ ಅಲ್ಲವಲ್ಲ!

ಮನೆಗೆ ಹೊರಡುವ ದಿನ ಡಿಸ್ಚಾರ್ಜ್ ಚೀಟಿ ಓದಿದೆ. ನೋವು ಹತೋಟಿಯಲ್ಲಿತ್ತು, ತೊಂದರೆ ಏನೂ ಇರಲಿಲ್ಲ ಅಂತೆ. ವಾಂತಿಯ ಸುದ್ದಿಯೇ ಇಲ್ಲ. ಪ್ಲೇಟ್ ತೆಗೆಯಲು ಮುಂದಿನ ವರ್ಷ ಮತ್ತೆ ಕೊಯ್ಯಬೇಕು. ಆಗ ಯಾರೋ ಈ ಚೀಟಿ ನೋಡಿ ಅದೇ ಮದ್ದು ಚುಚ್ಚುತ್ತಾರೆ. ನನ್ನ ಮೈ ಉರಿದುಹೋಯಿತು.

"ಇದನ್ನು ತಿದ್ದದೆ ನಾನು ಮಂಚ ಬಿಟ್ಟು ಏಳುದಿಲ್ಲ," ಎಂದೆ ಡಾಕ್ಟರಿಗೆ.

"ಈ ಮದ್ದಿಗೆ ಹೆಂಗಸರಿಗೆ ವಾಂತಿ ಸ್ವಲ್ಪ ಜಾಸ್ತಿ ಅಮ್ಮ. ಅದು ಕಾಮನ್."

"ಗೊತ್ತುಂಟಲ್ಲ ನಿಮಗೆ! ಮತ್ತೆ ವಾಂತಿ ನಿಲ್ಲುವ ಮದ್ದು ಮೊದಲೇ ಎಂತಕ್ಕೆ ಕೊಡ್ಲಿಲ್ಲ? ನನ್ನನ್ನು ಗಂಡಸು ಅಂತ ಗ್ರಹಿಸಿದ್ದಾ?"

ವೀಲ್‌ಚೇರಿನಲ್ಲಿ ಕೂತ ಗಂಡ ನಡುವೆ ಬಾಯಿ ಹಾಕಿದರು: "ಸಾರ ಇಲ್ಲ ಮಾರಾಯ್ತಿ, ಕಾರು ಬಂದು ನಿಂತುಂಟು."

"ನಿಮಗೆ ಸಾರ ಇಲ್ಲ. ನಿದ್ದೆ ಮಾಡಿದವರು ನೀವು."

ಡಾಕ್ಟರು ಪೆನ್ನು ತೆಗೆದು ಹಳೆಯ ಸಾಲು ಹೊಡೆದುಹಾಕಿ, ವಾಂತಿಯನ್ನೂ ಮದ್ದಿನ ಹೆಸರನ್ನೂ ಬರೆದರು. ಎರಡು ಸಲ ಓದಿದೆ. ಚೀಟಿ ಕಳೆದುಹೋದರೆ ಎಂದು ಮೊಬೈಲಿನಲ್ಲಿ ಫೋಟೋವನ್ನೂ ತೆಗೆದೆ.

"ಈಗ ನೋವು ಎಷ್ಟುಂಟು?" ಡಾಕ್ಟರು ಕೇಳಿದರು.

ಹಳೆಯ ಉತ್ತರ ನಾಲಿಗೆಯ ತುದಿಗೇ ಬಂತು. ನುಂಗಿದೆ.

"ಆರು," ಎಂದೆ. "ಅದನ್ನೂ ಬರೀರಿ."